ಯುಎಪಿಎ ಪ್ರಕರಣದಲ್ಲಿ ಬಂಧನವಾದರೆ: ಬೆಂಗಳೂರಿನ ಕುಟುಂಬಗಳಿಗೊಂದು ಕೈಪಿಡಿ

ಭಯೋತ್ಪಾದನೆ ನಿಗ್ರಹ ಕಾನೂನಿನಡಿ ಮನೆಯವರೊಬ್ಬರನ್ನು ಪೊಲೀಸರು ಕರೆದೊಯ್ದಾಗ ಮಾಡಬೇಕಾದ ಕೆಲಸಗಳು ಕಳ್ಳತನ ಅಥವಾ ಹೊಡೆದಾಟದ ಪ್ರಕರಣದಲ್ಲಿ ಮಾಡುವ ಕೆಲಸಗಳಿಗಿಂತ ಬೇರೆಯಾಗಿರುತ್ತವೆ. ಇದು ತಿಳಿಯದೆ ಇಂದಲ್ಲ ನಾಳೆ ಜಾಮೀನು ಸಿಕ್ಕೀತೆಂದು ಕಾದು ಕುಳಿತವರು ಅತ್ಯಂತ ಮುಖ್ಯವಾದ ಮೊದಲ ಒಂದೆರಡು ದಿನಗಳನ್ನೇ ಕಳೆದುಕೊಳ್ಳುತ್ತಾರೆ. ಸಾಮಾನ್ಯ ಪ್ರಕರಣದಲ್ಲಿ ಆರೋಪಿಯ ರಕ್ಷಣೆಗೆ ನಿಲ್ಲುವ ಹಲವು ನಿಯಮಗಳನ್ನು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ, ಸಡಿಲಿಸಿದೆ ಅಥವಾ ತೆಗೆದೇಹಾಕಿದೆ. ಉಳಿದಿರುವ ರಕ್ಷಣೆಗಳು ಬಹುಮಟ್ಟಿಗೆ ಎರಡು ರೂಪದಲ್ಲಿವೆ: ಪೊಲೀಸರು ಕೊಡಲೇಬೇಕಾದ ಕಾಗದಗಳು ಮತ್ತು ಅವರು ಮೀರಬಾರದ ದಿನಾಂಕಗಳು. ಆದ್ದರಿಂದ ಕುಟುಂಬದ ಒಬ್ಬರು ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ಗಂಟೆಗೆ ಏನಾಯಿತು, ಯಾವ ಕಾಗದ ಕೊಟ್ಟರು, ಯಾವುದನ್ನು ಕೊಡಲಿಲ್ಲ ಎಂಬುದನ್ನು ಬರೆಯುತ್ತಾ ಹೋಗಬೇಕು. ಮುಂದೆ ವಕೀಲರ ಕೈಯಲ್ಲಿ ಆ ಪುಟಗಳಿಗೆ ಬೆಲೆ ಬರುತ್ತದೆ.

ಕಾನೂನಿನ ಹಿನ್ನೆಲೆಯನ್ನು ತುಸು ತಿಳಿದಿರುವುದು ಒಳ್ಳೆಯದು. ಭಯೋತ್ಪಾದನೆ ನಿಗ್ರಹಕ್ಕೆಂದು 1985ರಲ್ಲಿ ಮೊದಲು ಬಂದ ಟಾಡಾ ಕಾನೂನು 1995ರಲ್ಲಿ ಅವಧಿ ಮುಗಿದು ಹೋಯಿತು. 2002ರ ಪೋಟಾ 2004ರಲ್ಲಿ ರದ್ದಾಯಿತು. ಆ ಎರಡೂ ಕಾನೂನುಗಳಿಗೆ ಕೊನೆಯ ದಿನಾಂಕವೆಂಬುದಿತ್ತು, ಸಂಸತ್ತು ಮತ್ತೆ ಕೂತು ಯೋಚಿಸಬೇಕಿತ್ತು. ಪೋಟಾದ ಮುಖ್ಯ ಅಂಶಗಳನ್ನು 2004ರಲ್ಲಿ 1967ರ ಯುಎಪಿಎ ಕಾಯ್ದೆಯೊಳಕ್ಕೆ ಸೇರಿಸಲಾಯಿತು. ಮುಂಬೈ ದಾಳಿಯ ನಂತರ 2008ರಲ್ಲಿ ದೀರ್ಘ ಕಸ್ಟಡಿಯ ಮತ್ತು ಜಾಮೀನು ನಿರ್ಬಂಧದ ನಿಯಮಗಳು ಬಂದವು. 2019ರಲ್ಲಿ ಸಂಘಟನೆಯನ್ನಷ್ಟೇ ಅಲ್ಲದೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಸರ್ಕಾರವೇ ಘೋಷಿಸುವ ಅಧಿಕಾರ ಬಂತು. ಈ ಕಾಯ್ದೆಗೆ ಕೊನೆಯ ದಿನಾಂಕವಿಲ್ಲ. ತಾತ್ಕಾಲಿಕವೆಂದು ತಂದದ್ದು ಶಾಶ್ವತ ಕಾನೂನಿನಲ್ಲಿ ಬಂದು ಕೂತಿತು ಎಂಬುದೇ ನನ್ನ ಮುಖ್ಯ ತಕರಾರು. ಆದರೂ ಒಂದು ವಿಷಯದಲ್ಲಿ ಯುಎಪಿಎ ತನ್ನ ಹಿಂದಿನ ಕಾನೂನುಗಳಿಗಿಂತ ಮೇಲು: ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಟಾಡಾ, ಪೋಟಾಗಳಂತೆ ಇದು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಆದರೆ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪುತ್ತದೆ. ಹಾಗಾಗಿ ಎಫ್‌ಐಆರ್‌ನಲ್ಲಿ ಕೋಕಾ ಕೂಡ ಸೇರಿದೆಯೇ ಎಂದು ನೋಡಿಕೊಳ್ಳಲೇಬೇಕು.

ವಿಚಾರಣೆಗೆ ಕರೆ ಬಂದಾಗ

ಫೋನಿನಲ್ಲಿ "ಸ್ವಲ್ಪ ಸ್ಟೇಷನ್ನಿಗೆ ಬಂದು ಹೋಗಿ" ಎಂದು ಹೇಳುವುದು ನೋಟಿಸ್ ಅಲ್ಲ. ಲಿಖಿತ ನೋಟಿಸ್ ಕೇಳಿ, ಅದರಲ್ಲಿ ಯಾವ ಸೆಕ್ಷನ್ ಬರೆದಿದೆ ಎಂದು ನೋಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಇದ್ದರೆ ಕರೆದಿರುವುದು ಸಾಕ್ಷಿಯಾಗಿ. 35(3) ಇದ್ದರೆ ಆರೋಪಿ ಎಂಬ ಸಂಶಯದ ಮೇಲೆ. 179ರ ಅಡಿಯಲ್ಲಿ ಮಹಿಳೆಯರನ್ನು, 15ಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚು ವಯಸ್ಸಿನವರನ್ನು ಮತ್ತು ತೀವ್ರ ಅನಾರೋಗ್ಯದಲ್ಲಿರುವವರನ್ನು ಅವರು ವಾಸಿಸುವ ಜಾಗಕ್ಕೇ ಬಂದು ವಿಚಾರಿಸಬೇಕು, ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಆದರೆ ಸಾಕ್ಷಿ ಸುಮ್ಮನೆ ಬಾಯಿ ಮುಚ್ಚಿ ಕೂರಬಹುದೆಂಬ ಭಾವನೆ ಯುಎಪಿಎ ಪ್ರಕರಣದಲ್ಲಿ ಅಪಾಯಕಾರಿ. ಕಾಯ್ದೆಯ 43ಎಫ್ ಸೆಕ್ಷನ್ನಿನ ಪ್ರಕಾರ, ಎಸ್‌ಪಿ ದರ್ಜೆಯ ಅಧಿಕಾರಿಯ ಲಿಖಿತ ಅನುಮೋದನೆಯೊಂದಿಗೆ ಕೇಳಿದ ಮಾಹಿತಿಯನ್ನು ಕೊಡದಿದ್ದರೆ ಮೂರು ವರ್ಷಗಳವರೆಗೆ ಜೈಲು ಆಗಬಹುದು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಆರೋಪಿಗೆ ಇದೆ. ಸಾಕ್ಷಿ ಎಂದು ಕರೆಸಿಕೊಂಡವರು ಯಾವ ಪ್ರಶ್ನೆಗೆ ಉತ್ತರಿಸಬೇಕು, ಯಾವುದಕ್ಕೆ ಬೇಡ ಎಂಬುದನ್ನು ಠಾಣೆಗೆ ಹೋಗುವ ಮೊದಲೇ ವಕೀಲರೊಂದಿಗೆ ಕೂತು ಮಾತನಾಡಿಕೊಳ್ಳಬೇಕು.

ಹೆದರಿಕೆಯಿಂದ ಫೋನಿನಲ್ಲಿರುವ ಸಂದೇಶಗಳನ್ನು ಅಳಿಸುವುದು, ಹಳೆಯ ಸಿಮ್ ಎಸೆಯುವುದು, ಪುಸ್ತಕಗಳನ್ನು ಸುಡುವುದು, ಇವನ್ನು ಯಾವ ಕಾರಣಕ್ಕೂ ಮಾಡಬಾರದು. ಸಾಕ್ಷ್ಯನಾಶವೇ ಒಂದು ಅಪರಾಧ. ಅದರ ಜೊತೆಗೆ, ಏನೂ ತಪ್ಪು ಮಾಡದವರ ನಡೆಯೂ ತಪ್ಪಿತಸ್ಥರ ನಡೆಯಂತೆ ಕಾಣತೊಡಗುತ್ತದೆ. ನಿರೀಕ್ಷಣಾ ಜಾಮೀನಿನ ಆಸೆಯನ್ನೂ ಬಿಡಬೇಕು, ಏಕೆಂದರೆ 43ಡಿ(4) ಸೆಕ್ಷನ್ ಯುಎಪಿಎ ಆರೋಪಿಗಳಿಗೆ ಆ ಬಾಗಿಲನ್ನು ಮುಚ್ಚಿದೆ.

ಮೊದಲ 24 ಗಂಟೆ

ಬಂಧನದ ಹೊತ್ತಿನಲ್ಲಿ ಬಂಧನ ಪತ್ರ, ಅಂದರೆ ಅರೆಸ್ಟ್ ಮೆಮೊ, ತಯಾರಾಗಬೇಕು. ಅದರ ಮೇಲೆ ಕುಟುಂಬದ ಸದಸ್ಯರ ಅಥವಾ ಆ ಬಡಾವಣೆಯ ಒಬ್ಬ ಗೌರವಾನ್ವಿತ ವ್ಯಕ್ತಿಯ ಸಹಿ ಇರಬೇಕು. ಸಹಿ ಹಾಕುವವರು ಮೊದಲು ಅದರಲ್ಲಿರುವ ಸಮಯವನ್ನು ಓದಬೇಕು. ಬೆಳಗಿನ ಜಾವ ಐದಕ್ಕೆ ಮನೆಯಿಂದ ಕರೆದೊಯ್ದು, ಪತ್ರದಲ್ಲಿ ಸಂಜೆ ಆರಕ್ಕೆ ಬಂಧಿಸಿದ್ದೆಂದು ಬರೆದಿದ್ದರೆ ಸಹಿಯ ಪಕ್ಕದಲ್ಲಿಯೇ ನಿಜವಾದ ಸಮಯವನ್ನು ಕೈಬರಹದಲ್ಲಿ ನಮೂದಿಸಿ; ಅದಕ್ಕೆ ಬಿಡದಿದ್ದರೆ ಅಂದೇ ಪೊಲೀಸ್ ಆಯುಕ್ತರ ಕಚೇರಿಗೆ ಇಮೇಲ್ ಮಾಡಿ. ಸಂವಿಧಾನದ 22(2)ನೇ ವಿಧಿಯ ಪ್ರಕಾರ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಮತ್ತು ಆ 24 ಗಂಟೆ ಯಾವಾಗ ಶುರುವಾಯಿತು ಎಂಬುದರ ಮೇಲೆಯೇ ಜಗಳವೆಲ್ಲ. ಮನೆಯ ಅಥವಾ ಪಕ್ಕದ ಅಂಗಡಿಯ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ಅಳಿದುಹೋಗುತ್ತವೆ, ಆದ್ದರಿಂದ ಅವುಗಳ ಪ್ರತಿಯನ್ನು ಅಂದೇ ತೆಗೆದಿಡಬೇಕು. ಎಲ್ಲಿಗೆ ಕರೆದೊಯ್ದರೆಂದೇ ತಿಳಿಯದಿದ್ದರೆ ಕಾಯುತ್ತಾ ಕೂರದೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ, ಹಾಕಿಸಬೇಕು.

ಹೊರರಾಜ್ಯದ ಪೊಲೀಸರು ಬಂದಿದ್ದರೆ ಇನ್ನೂ ಎಚ್ಚರ ಬೇಕು. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿಯವರನ್ನು ದೆಹಲಿ ಪೊಲೀಸರು ಇಲ್ಲಿಂದ ನೇರವಾಗಿ ದೆಹಲಿಗೆ ಕರೆದೊಯ್ದು ಅಲ್ಲಿಯ ನ್ಯಾಯಾಲಯದಲ್ಲಿ ಹಾಜರುಪಡಿಸಿದರು. ಅಲ್ಲಿದ್ದ ಆರೋಪ ರಾಜದ್ರೋಹ, ಯುಎಪಿಎ ಅಲ್ಲ. ಹತ್ತು ದಿನಗಳಲ್ಲಿ ಜಾಮೀನೂ ಸಿಕ್ಕಿತು. ಆದರೆ ತನ್ನ ಊರಿನ ವಕೀಲರು, ಮನೆಯವರು ಯಾರೂ ಇಲ್ಲದ ಕೋರ್ಟಿನಲ್ಲಿ ಮೊದಲ ರಿಮಾಂಡ್, ಅಂದರೆ ಕಸ್ಟಡಿಗೆ ಒಪ್ಪಿಸುವ ಪ್ರಕ್ರಿಯೆ, ನಡೆದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು. ಇಲ್ಲಿಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಟ್ರಾನ್ಸಿಟ್ ರಿಮಾಂಡ್, ಅಂದರೆ ಬೇರೆ ರಾಜ್ಯಕ್ಕೆ ಕರೆದೊಯ್ಯಲು ಅನುಮತಿ, ಪಡೆಯಬೇಕೆಂದು ಸ್ಥಳೀಯ ಠಾಣೆಯಲ್ಲಿ ಒತ್ತಾಯಿಸಿ, ಆ ನಗರದಲ್ಲಿ ಒಬ್ಬ ವಕೀಲರನ್ನು ಅದೇ ಹೊತ್ತಿಗೆ ಹುಡುಕಿಟ್ಟುಕೊಳ್ಳಿ.

ಈ ಹಂತದ ಅತಿ ಮುಖ್ಯ ಕಾಗದವೆಂದರೆ ಬಂಧನದ ಆಧಾರಗಳ ಲಿಖಿತ ಪ್ರತಿ. ನ್ಯೂಸ್‌ಕ್ಲಿಕ್ ಸುದ್ದಿ ಜಾಲತಾಣದ ಸಂಸ್ಥಾಪಕ ಪ್ರಬೀರ್ ಪುರಕಾಯಸ್ಥ ಅವರನ್ನು 2023ರ ಅಕ್ಟೋಬರಿನಲ್ಲಿ ಬಂಧಿಸಿ, ಮರುದಿನ ಬೆಳಗಾಗುವ ಹೊತ್ತಿಗೆ, ಅವರು ನೇಮಿಸಿಕೊಂಡ ವಕೀಲರಿಗೆ ಸರಿಯಾಗಿ ತಿಳಿಸದೆಯೇ ರಿಮಾಂಡ್ ಪಡೆಯಲಾಗಿತ್ತು. 2024ರ ಮೇ 15ರಂದು ಸುಪ್ರೀಂ ಕೋರ್ಟ್ ಆ ಬಂಧನವನ್ನೂ ರಿಮಾಂಡನ್ನೂ ಅಸಿಂಧುವೆಂದಿತು. ಎಲ್ಲ ಆರೋಪಿಗಳಿಗೂ ಅನ್ವಯಿಸುವ ಮುದ್ರಿತ ಸಾಲುಗಳು, ಅಂದರೆ ಸಾಕ್ಷ್ಯನಾಶ ತಡೆಯಲು, ಸರಿಯಾದ ತನಿಖೆಗಾಗಿ ಎಂಬಂಥವು, ಸಾಲುವುದಿಲ್ಲ. ಈ ವ್ಯಕ್ತಿಯ ವಿರುದ್ಧ ಇರುವ ನಿರ್ದಿಷ್ಟ ಸಂಗತಿಗಳೇನು ಎಂಬುದನ್ನು ಲಿಖಿತವಾಗಿ ಕೊಡಬೇಕು ಎಂಬುದು ಆ ತೀರ್ಪಿನ ಸಾರ. 2025ರ ಆಗಸ್ಟಿನಲ್ಲಿ ನಟ ದರ್ಶನ್ ಅವರ ಜಾಮೀನು ರದ್ದು ಮಾಡುವಾಗ ಅದೇ ನ್ಯಾಯಾಲಯದ ಇನ್ನೊಂದು ಪೀಠ, ಲಿಖಿತ ಆಧಾರ ಕೊಡದಿದ್ದುದರಿಂದ ಆರೋಪಿಗೆ ನಿಜವಾಗಿ ತೊಂದರೆಯಾಯಿತೆಂದು ತೋರಿಸಬೇಕೆಂದಿತು. ಅದು ಕೊಲೆ ಪ್ರಕರಣವಾದರೂ ಸರ್ಕಾರಿ ವಕೀಲರು ಎಲ್ಲೆಡೆ ಉಲ್ಲೇಖಿಸುವಂಥ ಮಾತು. ಅದೇ ವರ್ಷದ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಗಟ್ಟಿಯಾಗಿ ಹೇಳಿತು: ಯಾವ ಅಪರಾಧವೇ ಆಗಲಿ, ಆಧಾರಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ತಕ್ಷಣ ಸಾಧ್ಯವಾಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಕನ್ನಡವೋ ಉರ್ದುವೋ ಮಾತ್ರ ಓದಬಲ್ಲ ಹುಡುಗನ ಕೈಗೆ ಇಂಗ್ಲಿಷಿನ ಪುಟಗಳನ್ನು ಕೊಟ್ಟು ಸಹಿ ತೆಗೆದುಕೊಂಡಿದ್ದರೆ, ಅದನ್ನು ಮೊದಲ ರಿಮಾಂಡಿನ ದಿನವೇ ನ್ಯಾಯಾಧೀಶರ ಗಮನಕ್ಕೆ ತಂದು ದಾಖಲಿಸಬೇಕು. ತಿಂಗಳುಗಳ ನಂತರ ಎತ್ತಿದ ಆಕ್ಷೇಪಕ್ಕೆ ಆ ಬಲ ಇರುವುದಿಲ್ಲ.

ಹಾಜರುಪಡಿಸುವಾಗ ಮೈಮೇಲೆ ಪೆಟ್ಟಿನ ಗುರುತುಗಳಿದ್ದರೆ ಬಂಧಿತ ವ್ಯಕ್ತಿಯೇ ಬಾಯಿಬಿಟ್ಟು ಹೇಳಬೇಕು, ವಕೀಲರು ಅದನ್ನು ಆದೇಶದಲ್ಲಿ ಬರೆಸಬೇಕು. ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿ ಪಡೆಯುವ ಹಕ್ಕು ಬಂಧಿತನಿಗಿದೆ. ಕಸ್ಟಡಿಯಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆಯಾಗಬೇಕೆಂದು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ಜಾರಿಯಲ್ಲಿದೆ. ಇನ್ನು ಎಫ್‌ಐಆರ್: ಸಾಮಾನ್ಯವಾಗಿ ಅದು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಬರಬೇಕು, ಆದರೆ 2016ರ ಸುಪ್ರೀಂ ಕೋರ್ಟ್ ನಿರ್ದೇಶನವೇ ಭಯೋತ್ಪಾದನೆಯ ಪ್ರಕರಣಗಳನ್ನು ಇದರಿಂದ ಹೊರಗಿಟ್ಟಿದೆ. ಹಾಗಾಗಿ ಆನ್‌ಲೈನಿನಲ್ಲಿ ಹುಡುಕುತ್ತಾ ಕೂರದೆ ನ್ಯಾಯಾಲಯದಿಂದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ.

ಮನೆ ಶೋಧ, ಫೋನು, ಮತ್ತು ಒಂದು ಸಿಮ್ ಕಾರ್ಡಿನ ಕತೆ

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 105ನೇ ಸೆಕ್ಷನ್ನಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊ ಮೂಲಕ ದಾಖಲಿಸುವುದು ಕಡ್ಡಾಯ. ದಾಖಲಿಸುತ್ತಿದ್ದಾರೆಯೇ ಎಂದು ವಿನಯದಿಂದಲೇ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಮಹಜರಿನ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ "ಒಂದು ಕಪ್ಪು ಮೊಬೈಲ್" ಎಂದಷ್ಟೇ ಇದ್ದರೆ ಸಾಲದು, ಐಎಂಇಐ ಸಂಖ್ಯೆ, ಸಿಮ್ ಸಂಖ್ಯೆ, ಮೆಮೊರಿ ಕಾರ್ಡ್ ಇತ್ತೋ ಇಲ್ಲವೋ ಎಂಬುದೆಲ್ಲ ಇರಬೇಕು. ಡಿಜಿಟಲ್ ಸಾಧನಗಳಲ್ಲಿರುವ ದತ್ತಾಂಶಕ್ಕೆ ಹ್ಯಾಶ್ ಮೌಲ್ಯ ಎಂಬ ಗುರುತು ಸಂಖ್ಯೆ ಇರುತ್ತದೆ. ಒಳಗಿನ ಒಂದಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಜಪ್ತಿಯಾದ ದಿನವೇ ಅದನ್ನು ನಮೂದಿಸುವಂತೆ ಕೇಳಿದ್ದರೆ, ನಂತರ ಯಾರಾದರೂ ಒಳಗೆ ಕಡತ ಸೇರಿಸಿದರೆಂಬ ಅನುಮಾನ ಬಂದಾಗ ಪರೀಕ್ಷಿಸಲು ಒಂದು ಆಧಾರವಿರುತ್ತದೆ. ಪಾಸ್‌ವರ್ಡಿನ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಎರಡೂ ಕಡೆಗೆ ಬೇಸರವಾಗುವಂಥ ಮಾತು ಹೇಳಿದೆ: ಫೋನನ್ನು ಶೋಧಿಸಲು ವಾರಂಟಿನಂಥ ಕ್ರಮ ಬೇಕು, ಆದರೆ ಪಾಸ್‌ವರ್ಡ್ ಕೊಡುವುದನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತೆ ಎಂದು ಪರಿಗಣಿಸಲಾಗದು.

ಇಷ್ಟು ಸಣ್ಣ ವಿವರಗಳಿಗೆ ಇಷ್ಟೊಂದು ಒತ್ತು ಏಕೆ ಎಂದು ಕೇಳುವವರು ಬೆಂಗಳೂರಿನ ವೈದ್ಯ ಮೊಹಮ್ಮದ್ ಹನೀಫ್ ಅವರ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಅವರು 2007ರ ಜುಲೈ 2ರಂದು, ಆಗತಾನೇ ಹುಟ್ಟಿದ ಮಗಳನ್ನು ನೋಡಲು ಊರಿಗೆ ಹೊರಟಿದ್ದಾಗ, ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಗ್ಲಾಸ್ಗೊ ವಿಮಾನ ನಿಲ್ದಾಣದ ದಾಳಿಗೆ ಸಂಬಂಧಿಸಿದಂತೆ ಅವರನ್ನು ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಳ್ಳಲಾಯಿತು. ಅವರು ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬರಿಗೆ ಕೊಟ್ಟು ಬಂದಿದ್ದರು. ಆ ಸಿಮ್ ಗ್ಲಾಸ್ಗೊದಲ್ಲಿ ಸ್ಫೋಟಕ್ಕೆ ಬಳಸಿದ ಜೀಪಿನಲ್ಲಿ ಸಿಕ್ಕಿತೆಂದು ಪ್ರಾಸಿಕ್ಯೂಷನ್ ನ್ಯಾಯಾಲಯಕ್ಕೆ ಹೇಳಿತು. ವಾಸ್ತವದಲ್ಲಿ ಅದು ಸಿಕ್ಕಿದ್ದು ಲಿವರ್‌ಪೂಲಿನಲ್ಲಿ, ಆ ಸಂಬಂಧಿಯ ಬಳಿ. ಇದು ಬಯಲಾದ ನಂತರ ಜುಲೈ 27ರಂದು ಆರೋಪವನ್ನು ಹಿಂಪಡೆಯಲಾಯಿತು, ಮುಂದೆ ಕ್ಲಾರ್ಕ್ ವಿಚಾರಣಾ ವರದಿ ಅವರ ನಿರ್ದೋಷಿತ್ವವನ್ನು ಎತ್ತಿಹಿಡಿಯಿತು, 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ನಮ್ಮಲ್ಲಿ ಪರಿಹಾರ ಹಾಗೆ ತಾನಾಗಿ ಬರುವುದಿಲ್ಲ. ಆದರೆ ಕೆಲಸದ ಪಾಠ ಒಂದೇ: ರಿಮಾಂಡ್ ಅರ್ಜಿಯಲ್ಲಿರುವ ಪ್ರತಿಯೊಂದು ವಸ್ತುವಿನ ಮುಂದೆ ಎಲ್ಲಿ, ಯಾವಾಗ, ಯಾರ ಬಳಿ ಸಿಕ್ಕಿತು ಎಂದು ಬರೆದುಕೊಂಡು ಮಹಜರಿನ ಜೊತೆ ತಾಳೆ ನೋಡಬೇಕು.

30, 90, 180

ಸಾಮಾನ್ಯ ಪ್ರಕರಣದಲ್ಲಿ ಪೊಲೀಸ್ ಕಸ್ಟಡಿಗೆ ಒಟ್ಟು 15 ದಿನಗಳ ಮಿತಿ. ಯುಎಪಿಎ ಅಡಿಯಲ್ಲಿ ಅದು 30 ದಿನ. ದೋಷಾರೋಪ ಪಟ್ಟಿ ಸಲ್ಲಿಸಲು 90 ದಿನ, ಅದನ್ನು ನ್ಯಾಯಾಲಯ 180 ದಿನಗಳವರೆಗೆ ವಿಸ್ತರಿಸಬಹುದು. ಅಷ್ಟರೊಳಗೆ ಪಟ್ಟಿ ಬರದಿದ್ದರೆ ಡೀಫಾಲ್ಟ್ ಜಾಮೀನು ಆರೋಪಿಯ ಹಕ್ಕು, ಆರೋಪ ಎಷ್ಟೇ ಗಂಭೀರವಾಗಿದ್ದರೂ ಸರಿ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಬಂಧಿತನಾದ ಯುವ ಪತ್ರಕರ್ತನೊಬ್ಬನ ಹೆಸರು ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ, ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಇರಲೇ ಇಲ್ಲ. ಆತ ಹೊರಬಂದದ್ದು 2013ರ ಫೆಬ್ರವರಿಯಲ್ಲಿ. ಅಂದರೆ ಸಾಕ್ಷ್ಯವಿಲ್ಲವೆಂದು ಗೊತ್ತಾಗಲು ಹೆಚ್ಚುಕಡಿಮೆ ಆ 180 ದಿನಗಳು ಪೂರ್ತಿ ಬೇಕಾದವು.

ದಿನ ಎಣಿಸುವ ಕ್ರಮವನ್ನು ಮನೆಯವರೂ ಕಲಿಯಬೇಕು. ಬಂಧನದ ದಿನದಿಂದ ಅಲ್ಲ, ಮೊದಲ ರಿಮಾಂಡಿನ ದಿನದಿಂದ ಎಣಿಸಬೇಕು, ಮತ್ತು ಆ ದಿನವನ್ನೂ ಸೇರಿಸಬೇಕೆಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಜೂನ್ 1ಕ್ಕೆ ಮೊದಲ ರಿಮಾಂಡ್ ಆಗಿದ್ದರೆ ಆಗಸ್ಟ್ 29 ತೊಂಬತ್ತನೆಯ ದಿನ. ವಿಸ್ತರಣೆಯೂ ಇಲ್ಲ, ಪಟ್ಟಿಯೂ ಇಲ್ಲ ಎಂದಾದರೆ ಆಗಸ್ಟ್ 30ರ ಬೆಳಿಗ್ಗೆ ಕೋರ್ಟ್ ತೆರೆದ ಕೂಡಲೇ ಅರ್ಜಿ ಒಳಗಿರಬೇಕು. ವಿಸ್ತರಣೆ ಸಿಕ್ಕಿದ್ದರೆ ನವೆಂಬರ್ 27ಕ್ಕೆ 180 ದಿನ ತುಂಬುತ್ತದೆ. ಅರ್ಜಿ ಹಾಕುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಹಕ್ಕು ಹೋಯಿತು. ವಕೀಲರು ಊರಲ್ಲಿಲ್ಲ, ನಾಳೆ ನೋಡೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

90ರಿಂದ 180ಕ್ಕೆ ವಿಸ್ತರಿಸುವುದು ಯಾಂತ್ರಿಕವಾಗಿ ನಡೆಯಬಾರದು. ತನಿಖಾಧಿಕಾರಿಯ ಕೋರಿಕೆ ಸಾಲದು, ತನಿಖೆಯ ಪ್ರಗತಿಯನ್ನೂ ಇನ್ನೂ ಕಸ್ಟಡಿ ಏಕೆ ಬೇಕೆಂಬ ನಿರ್ದಿಷ್ಟ ಕಾರಣಗಳನ್ನೂ ಹೇಳುವ ಸರ್ಕಾರಿ ಅಭಿಯೋಜಕರ ವರದಿ ಇರಬೇಕು. 2020ರ ಆಗಸ್ಟ್ 11ರ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಗಲಭೆಯ ಪ್ರಕರಣದಲ್ಲಿ, ಆರೋಪಿಗಳ ಮಾತು ಕೇಳದೆಯೇ ಅವಧಿ ವಿಸ್ತರಿಸಿದ್ದು ಸರಿಯಲ್ಲವೆಂದು ಕರ್ನಾಟಕ ಹೈಕೋರ್ಟ್ 2021ರ ಜೂನಿನಲ್ಲಿ ಆ ಆದೇಶವನ್ನು ರದ್ದುಪಡಿಸಿ 115 ಆರೋಪಿಗಳಿಗೆ ಡೀಫಾಲ್ಟ್ ಜಾಮೀನು ನೀಡಿತು. ವಿಸ್ತರಣೆಯ ಅರ್ಜಿಯನ್ನು ಪರಿಗಣಿಸುವಾಗ ಆರೋಪಿ ನ್ಯಾಯಾಲಯದ ಮುಂದೆ ಹಾಜರಿರಬೇಕು, ಅರ್ಜಿ ಬಂದಿದೆಯೆಂದು ಆತನಿಗೆ ತಿಳಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿತು. ಹಾಗಾಗಿ 80ನೆಯ ದಿನದಿಂದಲೇ ಎನ್‌ಐಎ ವಿಶೇಷ ನ್ಯಾಯಾಲಯವಿರುವ ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣದಲ್ಲಿ ಪ್ರತಿದಿನ ವಿಚಾರಿಸುತ್ತಿರಬೇಕು.

ಜಾಮೀನು

ಎಫ್‌ಐಆರ್‌ನಲ್ಲಿರುವ ಸೆಕ್ಷನ್‌ಗಳನ್ನು ಎರಡು ಗುಂಪಾಗಿ ಬರೆಯಿರಿ. ಯುಎಪಿಎಯ 4 ಮತ್ತು 6ನೇ ಅಧ್ಯಾಯದ ಅಪರಾಧಗಳಿಗೆ, ಅಂದರೆ 16, 17, 18, 20, 38, 39 ಮುಂತಾದವಕ್ಕೆ, 43ಡಿ(5) ನಿರ್ಬಂಧ ಅನ್ವಯಿಸುತ್ತದೆ: ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಸಮಂಜಸ ಆಧಾರಗಳಿದ್ದರೆ ಜಾಮೀನು ಕೊಡುವಂತಿಲ್ಲ. 10 ಮತ್ತು 13ನೇ ಸೆಕ್ಷನ್ ಮಾತ್ರ ಇದ್ದರೆ ಈ ನಿರ್ಬಂಧವಿಲ್ಲ, ಆದರೂ ಯುಎಪಿಎ ಎಂಬ ಹೆಸರು ಕೇಳಿಯೇ ಕೆಲವರು ಕೈಚೆಲ್ಲುತ್ತಾರೆ.

2019ರ ವಟಾಲಿ ತೀರ್ಪು ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡಬಾರದೆಂದಿತು. 2021ರ ಕೆ.ಎ. ನಜೀಬ್ ತೀರ್ಪು, ವಿಚಾರಣೆ ಮುಗಿಯುವ ಲಕ್ಷಣವಿಲ್ಲದೆ ದೀರ್ಘಕಾಲ ಜೈಲಿನಲ್ಲಿಟ್ಟಿದ್ದರೆ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದಿತು. 2023ರ ವರ್ನಾನ್ ಗೊನ್ಸಾಲ್ವಿಸ್ ತೀರ್ಪು ಸಾಕ್ಷ್ಯದ ಗುಣಮಟ್ಟವನ್ನು ಮೇಲ್ಮಟ್ಟಕ್ಕಾದರೂ ನೋಡಬೇಕೆಂದಿತು. 2024ರ ಗುರ್ವಿಂದರ್ ಸಿಂಗ್ ತೀರ್ಪು ಮತ್ತೆ ಬಿಗಿಯಾಯಿತು. ಯಾವ ಪೀಠದ ಮುಂದೆ ಅರ್ಜಿ ಬಂತು ಎಂಬುದರ ಮೇಲೆ ಒಬ್ಬನ ಸ್ವಾತಂತ್ರ್ಯ ನಿಂತಿರುವುದು ಆರೋಗ್ಯಕರ ಸ್ಥಿತಿಯಲ್ಲ, ಆದರೆ ಅರ್ಜಿ ಬರೆಯುವಾಗ ಇದೇ ವಾಸ್ತವ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ಹಿಂದೆ ನಡೆಸಿದ್ದ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನು ಅರ್ಜಿ ಬಾಕಿ ಇರುವಾಗಲೇ ತೀರಿಕೊಂಡರು. ಕಾಯಿಲೆ ಇರುವವರ ವಿಷಯದಲ್ಲಿ ಜೈಲಿನ ವೈದ್ಯಕೀಯ ದಾಖಲೆಗಳನ್ನು ತಿಂಗಳು ತಿಂಗಳೂ ಕೇಳಿ ಪಡೆದು, ವೈದ್ಯಕೀಯ ಜಾಮೀನಿಗೆ ಪ್ರತ್ಯೇಕ ಅರ್ಜಿ ಹಾಕುವುದನ್ನು ತಡಮಾಡಬಾರದು.

ವಿಶೇಷ ನ್ಯಾಯಾಲಯ ಜಾಮೀನು ನಿರಾಕರಿಸಿದರೆ ಎನ್‌ಐಎ ಕಾಯ್ದೆಯ 21ನೇ ಸೆಕ್ಷನ್ನಿನಡಿ ಹೈಕೋರ್ಟಿನ ದ್ವಿಸದಸ್ಯ ಪೀಠಕ್ಕೆ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬೇಕು. ಮೊಕದ್ದಮೆ ನಡೆಸಲು ಬೇಕಾದ ಸರ್ಕಾರದ ಪೂರ್ವಾನುಮತಿಯ ದಿನಾಂಕಗಳನ್ನೂ ನೋಡಿ: ಪರಿಶೀಲನಾ ಪ್ರಾಧಿಕಾರಕ್ಕೆ ಏಳು ಕೆಲಸದ ದಿನ, ಆ ಮೇಲೆ ಸರ್ಕಾರಕ್ಕೆ ಏಳು ಕೆಲಸದ ದಿನ, ಈ ಅವಧಿ ಕಡ್ಡಾಯವೆಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅನುಮತಿಯಿಲ್ಲದ ದೋಷಾರೋಪ ಪಟ್ಟಿ ಅಪೂರ್ಣ, ಹಾಗಾಗಿ ಡೀಫಾಲ್ಟ್ ಜಾಮೀನು ಸಿಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆ ವಾದವನ್ನು 2023ರಲ್ಲೇ ತಿರಸ್ಕರಿಸಲಾಗಿದೆ.

ಹಣ, ಮನೆ, ಟಿವಿ

ವಕೀಲರಿಗೆ ಹಣವಿಲ್ಲದಿದ್ದರೆ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಬಾಡಿಗೆ ಮನೆಯ ಮಾಲೀಕರು ಖಾಲಿ ಮಾಡಿ ಎಂದರೆ ಲಿಖಿತ ನೋಟಿಸ್ ಮತ್ತು ಕರಾರಿನ ಅವಧಿ ಕೇಳಿ. ಟಿವಿಯವರೊಂದಿಗೆ ಒಬ್ಬರೇ ಮಾತನಾಡಲಿ, ಮದುವೆಯ ಆಲ್ಬಮ್ಮಿನ ಫೋಟೋ ಯಾರ ಕೈಗೂ ಹೋಗದಿರಲಿ, ಪ್ರಕರಣದ ಒಳವಿವರಗಳನ್ನು ವಕೀಲರನ್ನು ಕೇಳದೆ ಹೇಳಬೇಡಿ. 2005ರ ಭಾರತೀಯ ವಿಜ್ಞಾನ ಸಂಸ್ಥೆಯ ಮೇಲಿನ ದಾಳಿಯ ಪ್ರಕರಣದಲ್ಲಿ ತ್ರಿಪುರಾದ ವ್ಯಕ್ತಿಯೊಬ್ಬನನ್ನು 2017ರಲ್ಲಿ ಬಂಧಿಸಿ, 2021ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವೇ ಪ್ರಕರಣದಿಂದ ಕೈಬಿಟ್ಟಿತು. ಬಂಧನದ ಸುದ್ದಿಗೆ ಸಿಕ್ಕ ಪ್ರಚಾರ ಬಿಡುಗಡೆಯ ಸುದ್ದಿಗೆ ಸಿಗುವುದಿಲ್ಲ, ಆದ್ದರಿಂದ ಕೈಬಿಟ್ಟ ಆದೇಶದ ದೃಢೀಕೃತ ಪ್ರತಿಗಳನ್ನು ಹೆಚ್ಚಾಗಿಯೇ ತೆಗೆದಿಟ್ಟುಕೊಂಡು ಕೆಲಸ ಕೊಡುವವರಿಗೆ, ಪಾಸ್‌ಪೋರ್ಟ್ ಕಚೇರಿಗೆ, ಬ್ಯಾಂಕಿಗೆ ಕೊಡಬೇಕಾಗುತ್ತದೆ.

ಜಾಮೀನು ಸಿಕ್ಕಿದ ಮೇಲೆ ಅದರ ಷರತ್ತುಗಳನ್ನು ಬರೆದು ಗೋಡೆಗೆ ಅಂಟಿಸಿ: ಯಾವ ವಾರ ಯಾವ ಠಾಣೆಯಲ್ಲಿ ಸಹಿ, ಊರು ಬಿಡಲು ಯಾರ ಅನುಮತಿ. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದ ಆರೋಪಿ ಅಬ್ದುಲ್ ನಾಸರ್ ಮದನಿಯವರಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಾಗ ಬೆಂಗಳೂರು ಬಿಟ್ಟು ಹೋಗಬಾರದೆಂಬ ಷರತ್ತು ಹಾಕಿತ್ತು. ಅದನ್ನು ಸಡಿಲಿಸಿ ಕೇರಳದಲ್ಲಿ ಇರಲು ಅನುಮತಿ ಸಿಕ್ಕಿದ್ದು 2023ರಲ್ಲಿ. ಅಂಥ ಷರತ್ತುಗಳು ತಾವಾಗಿ ಸಡಿಲವಾಗುವುದಿಲ್ಲ. ಪರಿಸ್ಥಿತಿ ಬದಲಾದಾಗಲೆಲ್ಲ, ಅಂದರೆ ತಂದೆತಾಯಿಯ ಕಾಯಿಲೆ, ಕೆಲಸದ ಜಾಗ, ವಿಚಾರಣೆಯ ವಿಳಂಬ ಇಂಥ ಕಾರಣಗಳಿಗೆ, ದಾಖಲೆಗಳೊಂದಿಗೆ ಹೊಸ ಅರ್ಜಿಯನ್ನು ಅದೇ ನ್ಯಾಯಾಲಯದಲ್ಲಿ ಸಲ್ಲಿಸಬೇಕು, ಮತ್ತು ಅನುಮತಿಯ ಆದೇಶ ಕೈಗೆ ಬರುವವರೆಗೆ ಹಳೆಯ ಷರತ್ತನ್ನು ಒಂದು ದಿನವೂ ಮೀರಬಾರದು.